ಇನ್ನೂರ ಇಪ್ಪತ್ತು ಓಮ್

ಮಧ್ಯಾಹ್ನ ಆಮ್ಲಜನಕದ ಯಂತ್ರ ನಿಂತುಹೋಯಿತು. ಹಾಸಿಗೆ ಹಿಡಿದಿದ್ದ ತಿಪ್ಪೇಸ್ವಾಮಿಯ ತುಟಿ ನೀಲಿಗಟ್ಟತೊಡಗಿತು. ಅವನೊಂದಿಗೆ ಇಪ್ಪತ್ತು ವರ್ಷ ರೇಡಿಯೊ ರಿಪೇರಿ ಮಾಡಿದ್ದ ಹೆಂಡತಿ ನಾಗವೇಣಿ ಯಂತ್ರ ಬಿಚ್ಚಿದಳು. ಕರೆಂಟಿಗೆ ತಡೆಯೊಡ್ಡುವ ಒಂದು ರೆಸಿಸ್ಟರ್ ಸುಟ್ಟಿತ್ತು.

“ಇನ್ನೂರ ಇಪ್ಪತ್ತು ಓಮ್ ಇರೋ ಕಡೆ ಬರೀ ಇಪ್ಪತ್ತೆರಡರದ್ದು ಹಾಕಿದಾರೆ ಕಣ್ರೀ! ಇಷ್ಟು ಕಮ್ಮಿ ಆದ್ರೆ ಕರೆಂಟ್ ಜಾಸ್ತಿ ಹರಿದು ಸುಡದೆ ಇರುತ್ತಾ? ಯಾವ ಪಾಪಿ ಹಾಕಿದ್ನೋ!”

ಡಬ್ಬಿಯಲ್ಲಿ ಇನ್ನೂರ ಇಪ್ಪತ್ತರದ್ದು ಇರಲಿಲ್ಲ. ನೂರರದ್ದೊಂದು, ನೂರಿಪ್ಪತ್ತರದ್ದೊಂದು ಸಿಕ್ಕವು. ಎರಡನ್ನೂ ಒಂದರ ಹಿಂದೊಂದು ಸೇರಿಸಿ ಬೆಸುಗೆ ಹಾಕಿದಳು. ಯಂತ್ರ ಗುಂಯ್‌ಗುಟ್ಟಿತು. ಅವನ ಉಸಿರು ಹದಕ್ಕೆ ಬಂತು.

“ಬದುಕಿದ್ರಿ,” ಎಂದು ಅವಳು ಅತ್ತೇಬಿಟ್ಟಳು.

ಅವನು ಗೋಡೆಯತ್ತ ಮುಖ ತಿರುಗಿಸಿದ.

“ಇನ್ನೂ ಎಷ್ಟು ವರ್ಷ ಅಂತ ನನಗೋಸ್ಕರ ನಿದ್ದೆಗೆಡ್ತೀಯಾ? ಬೆಳಿಗ್ಗೆ ನೀನು ಹೊರಗೆ ಹೋದಾಗ ಯಂತ್ರ ಹಾಸಿಗೆ ಹತ್ರ ಎಳ್ಕೊಂಡು ಆ ಇಪ್ಪತ್ತೆರಡರದ್ದು ಹಾಕಿದ್ದು ನಾನೇ ಕಣೇ.”