ಕಾಶವ್ವನ ಭುಜ, ಸಾಹೇಬರ ಮೈಮೇಲೆ

ಗುಳಿಗೆಗೆ ಸರ್ಕಾರದ ನೆರವು ಬೇಕೆಂದರೆ, ಅರ್ಜಿದಾರರ ನೋವನ್ನು ಸಾಹೇಬರು ಐದು ನಿಮಿಷ ತಮ್ಮ ಮೈಗೆ ಹಾಕಿಕೊಂಡು ನೋಡುವುದು ಕಚೇರಿಯ ಪದ್ಧತಿ. ಖಾನಾವಳಿಗೆ ದಿನಕ್ಕೆ ಇನ್ನೂರು ರೊಟ್ಟಿ ಬಡಿಯುವ ಕಾಶವ್ವನ ಭುಜನೋವು ಹಾಕಿಕೊಂಡ ಸಾಹೇಬರು ಕುರ್ಚಿಗೆ ಒರಗಿ ನಕ್ಕರು.

"ಇಷ್ಟಕ್ಕ ಗುಳಿಗಿ ಯಾಕಬೇ? ತಡಕೋಬಹುದು."

ಗುಳಿಗೆಯಿಲ್ಲದೆ ಕಾಶವ್ವನ ಕೈ ಏಳದು, ಕೈ ಏಳದಿದ್ದರೆ ಕೆಲಸ ಉಳಿಯದು. ಅವಳು ಚೀಲದಿಂದ ಹಲಗೆ, ನಾದಿದ ಜೋಳದ ಹಿಟ್ಟು ತೆಗೆದು ಮೇಜಿನ ಮೇಲಿಟ್ಟಳು.

"ಕುಂತ್ರ ನಾನೂ ತಡಕೋತೀನ್ರಿ. ಕುಂತಿದ್ದಕ್ಕ ನನಗ್ಯಾರು ಪಗಾರ ಕೊಡ್ತಾರ? ಬಡೀರಿ ಒಂದು ರೊಟ್ಟಿ!"

ರೊಟ್ಟಿ ಅಂಗೈಯಗಲ ಆಗುವುದರೊಳಗೆ ಸಾಹೇಬರು "ಯವ್ವಾ!" ಎಂದು ಚೀರಿ, ಹಿಟ್ಟಿನ ಕೈಯಲ್ಲೇ ವರ್ಷದ ಗುಳಿಗೆಗೆ ಸಹಿ ಹಾಕಿದರು. ಹಿಂದೆ ಸಾಲಿನಲ್ಲಿ ನಿಂತಿದ್ದ ಅರ್ಜಿದಾರರೆಲ್ಲ ಕೇಕೆ ಹಾಕಿದರು.

ಅಷ್ಟರಲ್ಲಿ ಸಾಲಿನಲ್ಲಿ ಮುಂದಿನವನಾದ ಬೆನ್ನುನೋವಿನ ಹಮಾಲ ಹುಸೇನಸಾಬ ಹೊರಗಿನಿಂದ ಜೋಳದ ಮೂಟೆ ಹೊತ್ತು ತಂದು, "ಏಳ್ರಿ ಸಾಹೇಬ್ರ, ಸ್ವಲ್ಪ ಬಗ್ಗರಿ" ಎಂದ.