ಕಡವೆಯ ಪಾಲು

ನೆಲ್ಲಿಕಾಯಿ ತೂಗುವ ಕಟ್ಟೆಯಲ್ಲಿ ಕಡವೆ ಕೇತಮ್ಮನ ಮೂಟೆಯ ಮೇಲೆ ಕಾಲಿಟ್ಟು ನಿಂತಿತು. ಅದು ಕಾಲಿಟ್ಟ ಮೂಟೆಯನ್ನು ನಾನು ತೂಗುವಂತಿಲ್ಲ. ಕಾಡಿನ ಪಾಲು ಬಿಡದೆ ತಂದ ಕಾಯನ್ನು ಮೂಸಿ ಹಿಡಿಯುವುದೇ ಕಾಯಿ ಕೊಳ್ಳುವ ನಮ್ಮ ಸೊಸೈಟಿಯಲ್ಲಿ ಅದರ ಕೆಲಸ.

ಉಪ್ಪಿನಕಾಯಿ ಕಾರ್ಖಾನೆಯ ಲಾರಿ ಹೊರಡುವುದರಲ್ಲಿತ್ತು. ಮುಂದಿನದು ಬರುವಷ್ಟರಲ್ಲಿ ಕಾಯಿ ಬಾಡಿಹೋಗುತ್ತದೆ.

"ಮರದ್ ತುಂಬಾ ಬುಟ್ಟು ಬಂದಿವ್ನಿ ಕಣೋ ಮುಂಡೇದೇ! ಉದುರಿದ್ದ ಮಾತ್ರ ಆಯ್ಕಂಡಿವ್ನಿ," ಎಂದು ಕೇತಮ್ಮ ಕಡವೆಯನ್ನು ಬೈದಳು.

ನನಗೆ ರೇಗಿತು. "ಉದುರಿದ್ದೇ ಅದರ ಪಾಲು ಕೇತಕ್ಕ! ಅದೇನ್ ಮರ ಹತ್ತುತ್ತಾ?"

"ಈ ಮಂಡಿ ಇಟ್ಕಂಡು ನಾನೇನ್ ಹತ್ತೀನಾ?"

ಕಾಯುವಂತೆ ಡ್ರೈವರನಿಗೆ ಗದರಿ, ಮೂಟೆ ಹೊತ್ತು ಮರದ ಬಳಿಗೆ ನಡೆದೆ. ಕೇತಮ್ಮ, ಕಡವೆ ಇಬ್ಬರೂ ಹಿಂದೆ ಬಂದರು. ಕಾಯನ್ನೆಲ್ಲ ಬುಡದಲ್ಲಿ ಸುರಿದು, ಮರ ಹತ್ತಿ ಕೊಂಬೆ ಅಲುಗಿಸಿದೆ. ನೆಲ ಮುಟ್ಟಿದರೆ ಕಡವೆಯದಾಗುತ್ತದೆಂದು ಕೇತಮ್ಮ ಸೆರಗು ಹರಡಿ ಹಿಡಿದು ಕುಂಟುತ್ತಲೇ ಅತ್ತಿತ್ತ ಓಡಿದಳು.

ಅರ್ಧ ಮೂಟೆ ತುಂಬಿತು. ಕಾಯುತ್ತಿದ್ದ ಲಾರಿ ಹಾರನ್ ಹೊಡೆಯುತ್ತಿತ್ತು. ಕಡವೆ ಮೂಟೆಯನ್ನು ಮೂಸಿ, ಕಾಲಿಡದೆ ಪಕ್ಕಕ್ಕೆ ಸರಿಯಿತು.

ಕೇತಮ್ಮ ಮೂಟೆಯಿಂದ ಒಂದು ಕಾಯಿ ತೆಗೆದು ಅಂಗೈಯಲ್ಲಿಟ್ಟು ಚಾಚಿದಳು. ಕಡವೆ ಮುಟ್ಟಲಿಲ್ಲ.

"ಇದ್ರ ಪೊಗರು ನೋಡಪ್ಪ," ಎನ್ನುತ್ತಾ ಅವಳು ಅದನ್ನು ನೆಲಕ್ಕೆ ಹಾಕಿದಳು. ಆಗ ತಿಂದಿತು.