ಕಟ್ಟಿಗೆ ಹಿಡಿಕೆಯ ಸ್ಕ್ರೂಡ್ರೈವರ್

ಸ್ಟೇರಿಂಗ್ ಕೆಳಗೆ ಸಿಕ್ಕಿಸಿದ ಸ್ಕ್ಯಾನರಿನ ಪರದೆಯಲ್ಲಿ ಕೋಡ್ ಮೂಡಿತು. ಕಾರಿನ ಇಂಜಿನ್ ದೀಪ ಯಾಕೆ ಉರಿಯುತ್ತಿದೆಯೆಂದು ಮಹೇಶ್ವರಿಗೆ ಗೊತ್ತಾಯಿತು: ಒಂದು ಸಿಲಿಂಡರ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಹೇಳೋಣವೆಂದು ತಲೆಯೆತ್ತಿದರೆ ಅಪ್ಪ ಮಾಳಿಂಗಪ್ಪ ಆಗಲೇ ಬಾನೆಟ್ಟಿನ ಬಳಿ ನಿಂತಿದ್ದ. ಸ್ಕ್ಯಾನರ್ ಬಂದ ಮೇಲೆ ಮೊಳೆಗೆ ನೇತುಬಿದ್ದಿದ್ದ ಉದ್ದನೆಯ ಸ್ಕ್ರೂಡ್ರೈವರ್ ಅವನ ಕೈಯಲ್ಲಿತ್ತು.

ಸಿಂಧನೂರಿನ ಭತ್ತದ ಲಾರಿಗಳು ಮಸ್ಕಿಯ ಈ ಗ್ಯಾರೇಜಿನ ಮುಂದೆ ಸಾಲುಗಟ್ಟುತ್ತಿದ್ದ ಕಾಲದಲ್ಲಿ ಅಪ್ಪ ಇದೇ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ, ಕಟ್ಟಿಗೆಯ ಹಿಡಿಕೆಯನ್ನು ಅವಳ ಪುಟ್ಟ ಕಿವಿಗೆ ಹಚ್ಚುತ್ತಿದ್ದ. “ಕೆಮ್ಮಾಕತ್ತೈತಿ ನೋಡವ್ವಾ, ಕೇಳಾಕತ್ತೈತೇನು?” ಅವಳು ಕಸುಬು ಕಲಿತದ್ದೇ ಹಾಗೆ. ಕೊನೆಗೆ ಆ ಇಂಜಿನ್ನುಗಳ ಗದ್ದಲವೇ ಅವನ ಕಿವಿಗಳನ್ನು ನುಂಗಿತು. ಈಗ ಮನೆಯಲ್ಲೂ ಗ್ಯಾರೇಜಿನಲ್ಲೂ ಅವನೊಂದಿಗೆ ಕೈಸನ್ನೆಯೇ ಮಾತು.

ಮಾಳಿಂಗಪ್ಪ ತುದಿಯನ್ನು ಇಂಜಿನ್ನಿಗೆ ಆನಿಸಿದ. ಹಿಡಿಕೆಯನ್ನು ಕಿವಿಗೆ ಒಯ್ಯಲಿಲ್ಲ, ಹಲ್ಲಿನಲ್ಲಿ ಬಿಗಿಯಾಗಿ ಕಚ್ಚಿಕೊಂಡು ಕಣ್ಣು ಮುಚ್ಚಿದ. ಇಂಜಿನ್ನಿನ ನಡುಕ ದವಡೆಯ ಎಲುಬಿಗೆ ಏರುತ್ತಿದ್ದಂತೆ ಮುಖ ಮೆಲ್ಲಗೆ ಅರಳಿತು. “ಕೆಮ್ಮಾಕತ್ತೈತಿ,” ಎಂದ, ಹಿಡಿಕೆ ಬಿಡದೆಯೇ.

ಮಹೇಶ್ವರಿ ಓಡಿಹೋಗಿ ಇಂಜಿನ್ ಬಂದ್ ಮಾಡಿ ಬಂದಳು. ಅವನ ಹಲ್ಲಿನಲ್ಲೇ ಇದ್ದ ಸ್ಕ್ರೂಡ್ರೈವರಿನ ತುದಿಯನ್ನು ವೇಲಿನಿಂದ ಒರೆಸಿ, ತನ್ನ ಗದ್ದಕ್ಕೆ ಒತ್ತಿಕೊಂಡಳು. “ಅಪ್ಪಾ,” ಎಂದು ಗಟ್ಟಿಯಾಗಿ ಕರೆದಳು.

ಅವನು ಕಣ್ಣು ತೆರೆಯಲಿಲ್ಲ. ಹಿಡಿಕೆಯನ್ನು ಇನ್ನಷ್ಟು ಬಿಗಿಯಾಗಿ ಕಚ್ಚಿಕೊಂಡೇ ಹೇಳಿದ, “ಇನ್ನೊಮ್ಮಿ ಕರಿಯವ್ವಾ.”